ಅತ್ತಿಹಣ್ಣಿನ ಹುಳ ಮತ್ತು ಸೃಷ್ಟಿಕರ್ತನ ಕೈ

ಪ್ರಶ್ನೆ: ಗಡಿಯಾರವಿದ್ದರೆ ಅದನ್ನು ಮಾಡಿದವನಿರಲೇಬೇಕು, ಹಾಗೆಯೇ ಪ್ರಕೃತಿಯ ಅಚ್ಚುಕಟ್ಟೇ ದೇವರಿಗೆ ಸಾಕ್ಷಿ ಎಂದು ನಮ್ಮ ಚರ್ಚಿನ ಸಭಾಪಾಲಕರು ಬೋಧಿಸಿದರು. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುವ ಮಗಳು, ಆ ವಾದ ಡಾರ್ವಿನ್ ಕಾಲಕ್ಕೇ ಬಿದ್ದುಹೋಯಿತು ಎನ್ನುತ್ತಾಳೆ. ಏನು ಹೇಳಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಮಗಳ ಮಾತಿನಲ್ಲಿ ಹುರುಳಿದೆ. ಹಾಗೆಂದು ನೀವು ಎದೆಗುಂದಬೇಕಾಗಿಲ್ಲ.

ಗಡಿಯಾರದ ಹೋಲಿಕೆಯನ್ನು ಮನೆಮಾತಾಗಿಸಿದವರು ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ, 1802ರಲ್ಲಿ. ವಿದ್ಯಾರ್ಥಿಯಾಗಿದ್ದಾಗ ಡಾರ್ವಿನ್ನರೂ ಪೇಲಿಯನ್ನು ಮೆಚ್ಚಿ ಓದಿದವರೇ. ಆದರೆ ಗಡಿಯಾರ ಮರಿ ಹಾಕುವುದಿಲ್ಲ, ಜೀವಿಗಳು ಹಾಕುತ್ತವೆ. ಮರಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ, ಬದುಕಿಗೆ ಒದಗಿದ ವ್ಯತ್ಯಾಸ ತಲೆಮಾರುಗಳಲ್ಲಿ ಉಳಿದು ಬೆಳೆಯುತ್ತದೆ. 1859ರಲ್ಲಿ ಡಾರ್ವಿನ್ ಇದನ್ನು ವಿವರಿಸಿದ ಮೇಲೆ ಪೇಲಿಯ ವಾದ ಮೊದಲಿನಂತೆ ನಿಲ್ಲಲಿಲ್ಲ.

ಈಗ ನಮ್ಮ ಹೊಳೆದಂಡೆಯ ಅತ್ತಿಮರಕ್ಕೆ ಬನ್ನಿ. ಅತ್ತಿಹಣ್ಣು ಬಿಚ್ಚಿದರೆ ಹುಳ ಎಂದು ತಾತ್ಸಾರ ಮಾಡುತ್ತೇವೆ. ಆ ಹುಳ ಒಂದು ಪುಟ್ಟ ಕಣಜ. ಅತ್ತಿಯ ಹೂಗಳೆಲ್ಲ ಕಾಯಿಯ ಒಳಗೇ ಇವೆ. ಹೆಣ್ಣು ಕಣಜ ತುದಿಯ ಕಿರುಗಂಡಿಯಲ್ಲಿ ನುಸುಳುವಾಗ ಸಾಮಾನ್ಯವಾಗಿ ರೆಕ್ಕೆಗಳೇ ಮುರಿದುಹೋಗುತ್ತವೆ. ಒಳಗೆ ಅದು ತಂದ ಪರಾಗ ಹೂಗಳಿಗೆ ಸೇರುತ್ತದೆ. ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮುಂದೆ ಹುಟ್ಟುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳೊಂದಿಗೆ ಕೂಡಿ, ಗೋಡೆ ಕೊರೆದು ಅವುಗಳಿಗೆ ದಾರಿ ಮಾಡಿಕೊಡುತ್ತವೆ. ಹೆಣ್ಣುಗಳು ಪರಾಗ ಹೊತ್ತು ಇನ್ನೊಂದು ಮರಕ್ಕೆ ಹಾರುತ್ತವೆ. ಮೊದಲ ಸಲ ಭೂತಗನ್ನಡಿಯಲ್ಲಿ ಇದನ್ನು ಕಂಡ ದಿನ ನನಗೆ ಮಾತು ಹೊರಡಲಿಲ್ಲ. ಮರ ಮತ್ತು ಕಣಜ ಕೋಟ್ಯಂತರ ವರ್ಷ ಒಂದನ್ನೊಂದು ತಿದ್ದಿದ ಕಥೆಯಿದು. ಅದನ್ನು ತಿಳಿದ ಮೇಲೂ ನನ್ನ ಬೆರಗು ಕಡಿಮೆಯಾಗಿಲ್ಲ.

ಬೈಬಲಿನ ಹತ್ತೊಂಬತ್ತನೆಯ ಕೀರ್ತನೆ ಆಕಾಶವು ದೇವರ ಮಹಿಮೆಯನ್ನು ಸಾರುತ್ತದೆ ಎನ್ನುತ್ತದೆ. ಅದು ಸ್ತುತಿ, ನ್ಯಾಯಾಲಯದ ಪುರಾವೆಯಲ್ಲ. ಸೃಷ್ಟಿಯಲ್ಲಿ ದೇವರು ಕಾಣುತ್ತಾನೆ ಎಂದು ರೋಮಾಪುರದವರಿಗೆ ಪತ್ರ ಬರೆದ ಆದಿ ಕ್ರೈಸ್ತ ಬೋಧಕ ಪೌಲನೂ ಯಂತ್ರದ ಲೆಕ್ಕ ಹೇಳಿದವನಲ್ಲ. ವಿನ್ಯಾಸ ಕಂಡು ದೇವರನ್ನು ನಂಬಿದವನಲ್ಲ, ದೇವರನ್ನು ನಂಬುವುದರಿಂದ ವಿನ್ಯಾಸ ಕಾಣುತ್ತೇನೆ ಎಂಬರ್ಥದಲ್ಲಿ ಕ್ರೈಸ್ತ ಚಿಂತಕ ನ್ಯೂಮನ್ 1870ರಲ್ಲಿ ಪತ್ರವೊಂದನ್ನು ಬರೆದರು. ನನ್ನ ನಿಲುವೂ ಅದೇ.

ಮಲೆನಾಡಿನವರಾಗಿ ಇನ್ನೊಂದನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವ ಉಣುಗಿನ ಬಾಯಿಯೂ ಅಷ್ಟೇ ನಾಜೂಕು: ಕಚ್ಚಿದರೆ ಬಿಡದಂತೆ ಮುಳ್ಳುಗಳು, ರಕ್ತ ಹೆಪ್ಪುಗಟ್ಟದಂತೆ ಜೊಲ್ಲು. ಮಂಗಟ್ಟೆ ಹಕ್ಕಿಯನ್ನು ತೋರಿಸಿ ಉಣುಗನ್ನು ಮುಚ್ಚಿಡುವ ಬೋಧನೆ, ಜ್ವರಕ್ಕೆ ಮನೆಯವರನ್ನು ಕಳೆದುಕೊಂಡವರ ಮುಂದೆ ನಿಲ್ಲಲಾರದು. ಇಡೀ ಸೃಷ್ಟಿ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂದು ರೋಮಾಪುರದವರಿಗೆ ಬರೆದ ಅದೇ ಪತ್ರದಲ್ಲಿ ಪೌಲ ಹೇಳಿದ್ದನ್ನೂ ಸಭೆಯಲ್ಲಿ ಓದಬೇಕು.

ಮಗಳನ್ನು ವಾದದಲ್ಲಿ ಸೋಲಿಸಲು ಹೋಗಬೇಡಿ. ರಜೆಗೆ ಬಂದಾಗ, ಬಣ್ಣ ತಿರುಗುತ್ತಿರುವ ಅತ್ತಿಕಾಯಿಯೊಂದನ್ನು ಬಿಳಿ ಬಟ್ಟೆಯ ಮೇಲೆ ಇಬ್ಬರೂ ಬಿಚ್ಚಿ ನೋಡಿ. ಕಣಜದ ಕಥೆ ಅವಳು ಹೇಳಲಿ, ನೂರನಾಲ್ಕನೆಯ ಕೀರ್ತನೆಯನ್ನು ನೀವು ಓದಿ.