ಗೋವಾದಲ್ಲಿ ಮನೆ ಮುಂದೆ ದೊಡ್ಡ ಜಾಗ ಇದೆ, ಪೂರ್ತಿ ಲಾನ್ ಹಾಕಿಸಲಾ?

ನೀವು ಕೇಳಿದ್ದು ಇಷ್ಟು: ಪೋಂಡಾ ಹತ್ತಿರ ಹೊಸ ಮನೆ, ಮುಂದೆ 60ಕ್ಕೆ 80 ಅಡಿ ಜಾಗ, ನಡುವೆ ಒಂದು ಹಳೇ ಗೇರು ಮರ. ಮೇ ತಿಂಗಳಲ್ಲಿ ಗೃಹಪ್ರವೇಶ. ಮರ ಕಡಿದು ಪೂರ್ತಿ ಲಾನ್ ಹಾಸೋಣ ಅಂತ ಕಂಟ್ರಾಕ್ಟರ್ ಹೇಳ್ತಿದ್ದಾರೆ.

ಬೇಡ. ನಾನು ಹಾಸಿಸಿ ಕೈ ಸುಟ್ಟುಕೊಂಡವನು.

ಊರು ಶಿರಸಿ, ಗೋವಾಕ್ಕೆ ಬಂದು ಹದಿನಾರು ವರ್ಷವಾಯಿತು. ನಮ್ಮ ಅಂಗಳ ನಿಮ್ಮದಕ್ಕಿಂತ ಸ್ವಲ್ಪ ಚಿಕ್ಕದು. ನಮ್ಮದೂ ಮೇ ತಿಂಗಳ ಗೃಹಪ್ರವೇಶವೇ. ಎರಡು ಲೋಡ್ ಕೆಂಪು ಮಣ್ಣು ಹೊಡೆಸಿ ಕಾರ್ಪೆಟ್ ಲಾನ್ ಹಾಸಿಸಿದೆ. ಫೋಟೋದಲ್ಲಿ ಚೆನ್ನಾಗಿ ಬಂತು. ಜೂನ್‌ನಲ್ಲಿ ಮಳೆ ಹಿಡಿದ ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಲಾನಿನ ಒಂದು ಚೌಕ ಗೇಟಿನ ಸಂದಿಯಲ್ಲಿ ಮಡಚಿದ ಚಾಪೆಯ ಹಾಗೆ ಸಿಕ್ಕಿಕೊಂಡಿತ್ತು. ಮಣ್ಣೆಲ್ಲ ರಸ್ತೆಯಲ್ಲಿ. ಅದನ್ನು ಗುಡಿಸಿದ್ದೂ ನಾನೇ.

ತಪ್ಪು ಹುಲ್ಲಿನದಲ್ಲ, ಲೆಕ್ಕ ನೋಡಿ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಹೆಚ್ಚುಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಿಮ್ಮ 4,800 ಚದರ ಅಡಿಯ ಮೇಲೆ 13 ಲಕ್ಷ ಲೀಟರ್ ನೀರು ಬಿದ್ದ ಹಾಗೆ. ಚಾವಣಿಯಿಂದ ಇಳಿಯುವುದು ಬೇರೆ. ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವ ತನಕ ಲಾನಿಗೆ ನೀವೇ ನೀರು ಹೊರಬೇಕು. ಅಷ್ಟು ನೀರು ಬಾವಿಯಲ್ಲಿ ಇದೆಯಾ?

ಹಾಗಾಗಿ ಮೊದಲ ಕೆಲಸ ಗಿಡದ್ದಲ್ಲ, ನೀರಿನದ್ದು. ಮೊದಲ ಜೋರು ಮಳೆಯಲ್ಲಿ ಕೊಡೆ ಹಿಡಿದು ಅಂಗಳದಲ್ಲಿ ನಿಲ್ಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ನೋಡಿ ಗೂಟ ಹೊಡೆಯಿರಿ. ನೀರಿನ ದಾರಿ ಬಿಟ್ಟು ಓಡಾಡುವ ದಾರಿ ಹಾಕಿ. ಚಿರೆಕಲ್ಲು (ಜಂಬಿಟ್ಟಿಗೆ) ಇಲ್ಲೇ ಸಿಗುತ್ತದೆ, ಸಂದಿ ಬಿಟ್ಟು ಜೋಡಿಸಿದರೆ ನೀರು ಇಂಗುತ್ತದೆ. ಇಡೀ ಅಂಗಳಕ್ಕೆ ಸಿಮೆಂಟ್ ಬ್ಲಾಕ್ ಹಾಸಿಸಿದರೆ ಮೇಯಲ್ಲಿ ಕಾದ ಕಾವಲಿ, ಜುಲೈಯಲ್ಲಿ ಕೆರೆ.

ಮೇ ಒಳಗೆ ಮಾಡಬಹುದಾದ ಒಂದು ಕೆಲಸ ಇದೆ, ಗುಂಡಿ ತೋಡಿಸೋದು. ನೆಡುವ ಒಂದೊಂದು ಮರಕ್ಕೆ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಒಂದಡಿ ಇಳಿಯುವಷ್ಟರಲ್ಲಿ ಹಾರೆ ಟಣ್ ಅನ್ನುತ್ತದೆ, ಕೂಲಿಯವರು ಸಾಕು ಅಂತಾರೆ. ಸಾಕು ಅನ್ನಬೇಡಿ. ತೋಡಿದ ಮೇಲೆ ಗುಂಡಿಗೆ ನಾಲ್ಕೈದು ಕೊಡ ನೀರು ಸುರಿಯಿರಿ. ಮರುದಿನವೂ ನಿಂತಿದ್ದರೆ ತಳದ ಕಲ್ಲು ಒಡೆಸಬೇಕು, ಇಲ್ಲವೇ ಜಾಗ ಬದಲಿಸಬೇಕು. ನಮ್ಮ ಮೊದಲ ಮಾವಿನ ಕಸಿ ಸತ್ತಿದ್ದು ಒಣಗಿ ಅಲ್ಲ, ಆಗಸ್ಟ್‌ನಲ್ಲಿ ಬೇರು ಕೊಳೆತು. ಒಳ್ಳೆ ಗುಂಡಿಯ ತಳಕ್ಕೆ ತೆಂಗಿನ ಸಿಪ್ಪೆಯನ್ನು ಬಟ್ಟಲಿನ ಹಾಗೆ ಅಂಗಾತ ಜೋಡಿಸಿ, ಮೇಲೆ ಗೊಬ್ಬರ ಮಣ್ಣು ತುಂಬಿ. ಬೇಸಿಗೆಯಲ್ಲಿ ಆ ಸಿಪ್ಪೆಯೇ ತೇವ ಹಿಡಿದಿಡುತ್ತದೆ. ಮಳೆ ಹಿಡಿದ ಮೇಲೆ ಗಿಡ ನೆಡಿ.

ಯಾವ ಮರ? ನನ್ನ ಪಕ್ಷಪಾತ ಮುರುಗಲಿಗೆ, ಅಂದರೆ ಕೋಕಂಗೆ. ವರ್ಷವಿಡೀ ಹಸಿರು, ಕೊಂಬೆ ಜೋತುಬಿದ್ದು ಗೋಪುರದ ಹಾಗೆ ಬೆಳೆಯುತ್ತದೆ, ಬೇಸಿಗೆಗೆ ಶರಬತ್ತು ಬೇರೆ. ಆದರೆ ಬೀಜದ ಸಸಿ ತರಬೇಡಿ. ಗಂಡು ಮರ ಬಂದರೆ ಹಣ್ಣೇ ಇಲ್ಲ, ಅದು ಗೊತ್ತಾಗೋದು ಎಷ್ಟೋ ವರ್ಷ ಕಾದ ಮೇಲೆ! ಕಸಿ ಗಿಡವೇ ಕೇಳಿ. ಹಳೇ ಗೋವಾದ ಏಲಾದಲ್ಲಿ ಕೇಂದ್ರ ಸರ್ಕಾರದ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ಮೊದಲು ಅಲ್ಲಿ ವಿಚಾರಿಸಿ. ಪಶ್ಚಿಮದ ಬಿಸಿಲಿಗೆ ಅಡ್ಡ ಒಂದು ರಂಜೆ (ಬಕುಳ) ಮರ ಇರಲಿ. ತೆಂಗನ್ನು 25 ಅಡಿ ಅಂತರದಲ್ಲಿ ನೆಡಿ, ಕಾರ್ ನಿಲ್ಲಿಸುವ ಜಾಗದಿಂದ ದೂರ. ಗುಲ್‌ಮೊಹರ್ ಚೆಂದ ನಿಜ, ಆದರೆ ಮಳೆಗಾಳಿಗೆ ಕೊಂಬೆ ಮುರಿದುಕೊಳ್ಳುತ್ತದೆ, ಮನೆ ಪಕ್ಕ ಬೇಡ. ಅಂಚಿಗೆ ಕೇಪಳ, ದಾಸವಾಳ. ಮೆಟ್ಟಿಲ ಹತ್ತಿರ ಒಂದು ಸಾಲು ಕನಕಾಂಬರ. ಇಲ್ಲಿ ಅದಕ್ಕೆ ಅಬೋಲಿ ಅಂತಾರೆ, ಬೀಜ ನೆರೆಮನೆಯವರೇ ಕೊಡ್ತಾರೆ. ಬಚ್ಚಲ ನೀರು ಹೋಗುವಲ್ಲಿ ಬಾಳೆ.

ಬುಡಗಳಿಗೆಲ್ಲ ಒಣ ಎಲೆ ಹಾಕಿ. ನಮ್ಮ ಕಡೆ ದರಕು ಅಂತೀವಿ, ಕಾಡಿನಿಂದ ಹೊತ್ತು ತರ್ತೀವಿ. ಇಲ್ಲಿ ಜನ ಅದನ್ನು ಗುಡಿಸಿ ಸುಡೋದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಲಾನ್ ಬೇಕೇ ಬೇಕು ಅಂದರೆ ಒಂದು ವರ್ಷ ಬಿಟ್ಟು, ಹತ್ತಕ್ಕೆ ಹದಿನೈದು ಅಡಿ, ಕೂತು ಚಹಾ ಕುಡಿಯುವಷ್ಟು. ಗೃಹಪ್ರವೇಶದ ದಿನಕ್ಕೆ ದೊಡ್ಡ ಕುಂಡಗಳಲ್ಲಿ ಕ್ರೋಟನ್ ತಂದಿಡಿ, ಲಾನ್ ಎಲ್ಲಿ ಅಂತ ಯಾರೂ ಕೇಳೋದಿಲ್ಲ.

ಇನ್ನು ಗೇರು ಮರ. ಗೋವಾದಲ್ಲಿ ಮರ ರಕ್ಷಣೆಗೆ 1984ರ ಕಾಯ್ದೆ ಇದೆ, ಅರಣ್ಯ ಇಲಾಖೆಯಲ್ಲಿ ಕೇಳದೆ ಕೊಡಲಿ ಹಾಕಿಸಬೇಡಿ. ನಾನಾಗಿದ್ದರೆ ಕಡಿಸುತ್ತಲೇ ಇರಲಿಲ್ಲ, ದಾರಿಯನ್ನೇ ಮರದ ಸುತ್ತ ಬಳಸಿ ಒಯ್ಯುತ್ತಿದ್ದೆ. ಅಷ್ಟು ನೆರಳು ಕೊಡುವ ಮರ ಹೊಸದಾಗಿ ಬರಲು ಎಷ್ಟು ವರ್ಷ ಬೇಕು ಹೇಳಿ. ಬುಡಕ್ಕೆ ಮಣ್ಣು ಏರಿಸಿ ಸಿಮೆಂಟ್ ಕಟ್ಟೆ ಕಟ್ಟಿಸಬೇಡಿ, ಬೇರಿಗೆ ಉಸಿರು ಕಟ್ಟುತ್ತದೆ. ಹಣ್ಣು ಉದುರುವ ಕಾಲದಲ್ಲಿ ಮಾತ್ರ ಅದರ ಕೆಳಗೆ ಬಿಳಿ ಬಟ್ಟೆ ಒಣಹಾಕಬೇಡಿ. ಆ ಕಲೆ ಹೋಗೋದಿಲ್ಲ.