ಮೈನಸ್ 20 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ದೂರದ ಓಟವನ್ನು ಮುಂದುವರಿಸುವುದು ಹೇಗೆ?

ಅಮೆರಿಕದ ಮಿನಿಯಾಪೊಲಿಸ್‌ಗೆ ಹೊಸದಾಗಿ ಬಂದಿರುವ ನೀವು, ಜನವರಿಯಲ್ಲಿ ಹೊರಗೆ ಓಡಿದರೆ ಶ್ವಾಸಕೋಶ ಹೆಪ್ಪುಗಟ್ಟೀತೇ ಎಂದು ಕೇಳಿದ್ದೀರಿ. ಹಾಗಾಗುವುದಿಲ್ಲ, ಗಾಳಿ ಒಳಗಿಳಿಯುವಷ್ಟರಲ್ಲಿ ಮೂಗು, ಗಂಟಲುಗಳೇ ಅದನ್ನು ಬೆಚ್ಚಗಾಗಿಸುತ್ತವೆ. ಒಣಗಾಳಿಯಿಂದ ಕೆಮ್ಮು ಬರುವುದುಂಟು, ಉಬ್ಬಸವಿರುವವರು ಮೊದಲು ವೈದ್ಯರನ್ನು ಕೇಳಲೇಬೇಕು.

ನಿಜವಾದ ಅಪಾಯವಿರುವುದು ಬೆವರಿನಲ್ಲಿ. ಮೈಗೆ ತಾಗುವ ಅಂಗಿ ಹತ್ತಿಯದಾಗಿದ್ದರೆ ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಉಳಿದು, ಮರಳುವ ದಾರಿಯಲ್ಲಿ ಮೈಯ ಶಾಖವನ್ನೆಲ್ಲ ಕಸಿಯುತ್ತದೆ. ಆದ್ದರಿಂದ ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆಯದನ್ನೇ ಧರಿಸಿ, ಮೊದಲ ಹತ್ತು ನಿಮಿಷ ತುಸು ಚಳಿಯೆನಿಸುವಷ್ಟೇ ಬಟ್ಟೆ ತೊಡಿ. ಹೊರಡುವಾಗ ಗಾಳಿಗೆ ಎದುರಾಗಿ ಓಡಿದರೆ, ಬೆವೆತು ಮರಳುವಾಗ ಅದು ಬೆನ್ನಿಗಿರುತ್ತದೆ. ನಾನೊಮ್ಮೆ ಇದನ್ನು ತಿರುವುಮುರುವು ಮಾಡಿ ಮನೆ ತಲುಪಿದಾಗ, ರೆಪ್ಪೆಗಳ ಮೇಲೆ ಮಂಜಿನ ಹರಳು ಕಟ್ಟಿತ್ತು, ಬೀಗಕ್ಕೆ ಕೀಲಿಕೈ ತೂರಿಸಲೂ ಆಗದಷ್ಟು ಬೆರಳುಗಳು ಮರಗಟ್ಟಿದ್ದವು. ಅಂದಿನಿಂದ ನಾಲ್ಕು ಬೆರಳುಗಳೂ ಒಟ್ಟಿಗೆ ಕೂರುವ ಕೈಗವಸನ್ನೇ ಬಳಸುತ್ತೇನೆ.

ಹಿಮದ ಮೇಲೆ ವೇಗದ ಲೆಕ್ಕ ಬಿಟ್ಟು, ಹೆಜ್ಜೆ ಚಿಕ್ಕದಾಗಿಸಿ, ಸಮಯವನ್ನಷ್ಟೇ ಗಮನಿಸಿ. ಗಾಳಿಯೂ ಸೇರಿ ಅನುಭವಕ್ಕೆ ಬರುವ ಚಳಿ ಮೈನಸ್ 28 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ, ತೆರೆದ ಚರ್ಮ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಅಂತಹ ದಿನ ಟ್ರೆಡ್‌ಮಿಲ್ ಮೇಲೆ ಓಡುವುದೇ ಸರಿ.