ಒಂದೇ ಶಾಲೆ, ಮೂರು ಜಿಲ್ಲೆ

ಪ್ರಶ್ನೆ: ನಮ್ಮ ಪಟ್ಟಣದ ಸರಕಾರಿ ಪ್ರೌಢಶಾಲೆಯ ಹಳೆ ವಿದ್ಯಾರ್ಥಿಗಳು ಸ್ಮರಣ ಸಂಚಿಕೆಯೊಂದನ್ನು ತರುತ್ತಿದ್ದೇವೆ. ನನ್ನ ಅಜ್ಜನವರ 1954ರ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ‘ಬೋರ್ಡ್ ಹೈಸ್ಕೂಲು, ದಕ್ಷಿಣ ಕನ್ನಡ’, ‘ಆರನೆಯ ಫಾರ್ಮ್’ ಎಂದಿದೆ. ತಂದೆಯವರದರಲ್ಲಿ ಕಣ್ಣೂರು ಜಿಲ್ಲೆ, ನನ್ನದರಲ್ಲಿ ಕಾಸರಗೋಡು ಜಿಲ್ಲೆ. ಇವೆಲ್ಲ ಒಂದೇ ಶಾಲೆಯವೇ? ಚರಿತ್ರೆಯನ್ನು ಎಲ್ಲಿಂದ ಆರಂಭಿಸಬೇಕು?
— ಓದುಗರೊಬ್ಬರು, ಕಾಸರಗೋಡು

ಉತ್ತರ: ಜಿಲ್ಲೆಯ ಹೆಸರು ಬೇರೆಯಾದ ಮಾತ್ರಕ್ಕೆ ಶಾಲೆ ಬೇರೆಯೆಂದು ತಿಳಿಯಬೇಕಾಗಿಲ್ಲ. ಮದ್ರಾಸು ಆಡಳಿತದ ಕಾಲದಲ್ಲಿ ಜಿಲ್ಲಾ ಬೋರ್ಡು ನಡೆಸುತ್ತಿದ್ದ ಪ್ರೌಢಶಾಲೆಗಳಿಗೆ ಬೋರ್ಡ್ ಹೈಸ್ಕೂಲು ಎಂಬ ಹೆಸರಿತ್ತು. ಐದನೆಯ ತರಗತಿ ಮುಗಿಸಿದವರು ಒಂದನೆಯ ಫಾರ್ಮಿಗೆ ಸೇರಿ, ಆರನೆಯ ಫಾರ್ಮಿನಲ್ಲಿ, ಎಂದರೆ ಹನ್ನೊಂದನೆಯ ವರ್ಷದಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುತ್ತಿದ್ದರು. ಅಲ್ಲಿಯವರೆಗೆ ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿ ಮೊದಲು ಮಲಬಾರು ಜಿಲ್ಲೆಯ ಭಾಗವಾಯಿತು. 1957ರ ಜನವರಿಯಲ್ಲಿ ಮಲಬಾರು ಒಡೆದಾಗ ತಾಲೂಕು ಕಣ್ಣೂರು ಜಿಲ್ಲೆಗೆ ಸೇರಿತು. 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ನಿಮ್ಮ ಮನೆಯ ಮೂರು ಪ್ರಮಾಣಪತ್ರಗಳಲ್ಲಿ ಈ ನಡೆ ಕ್ರಮವಾಗಿ ದಾಖಲಾಗಿದೆ. ಸಂಚಿಕೆಯ ಮೊದಲ ಪುಟಕ್ಕೆ ಇವಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು.

ಆದರೆ ನನ್ನ ದೃಷ್ಟಿಯಲ್ಲಿ ಶಾಲೆಯ ನಿಜವಾದ ಚರಿತ್ರೆ ಇರುವುದು ನಾಮಫಲಕದಲ್ಲಲ್ಲ, ಕನ್ನಡ ಡಿವಿಷನ್ನಿನಲ್ಲಿ, ಎಂದರೆ ತರಗತಿಯ ಕನ್ನಡ ಮಾಧ್ಯಮದ ವಿಭಾಗದಲ್ಲಿ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣದ ಸೌಕರ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಪ್ರೌಢಶಾಲೆಯಲ್ಲಿ ಕನ್ನಡ ಉಳಿದುದು ರಾಜ್ಯ ಸರಕಾರದ ಆದೇಶಗಳಿಂದ, ಅದಕ್ಕಿಂತ ಹೆಚ್ಚಾಗಿ ವರ್ಷವರ್ಷವೂ ಬಂದು ಸೇರಿದ ಮಕ್ಕಳಿಂದ. ಕೇರಳದಲ್ಲಿ ಶಾಲೆ ಆರಂಭವಾದ ಆರನೆಯ ಕೆಲಸದ ದಿನದ ತಲೆಯೆಣಿಕೆಯ ಮೇಲೆ ಅಧ್ಯಾಪಕ ಹುದ್ದೆಗಳು ನಿಗದಿಯಾಗುತ್ತವೆ. ಜೂನ್ ತಿಂಗಳ ಆ ಮಳೆಯ ದಿನ ಕೆಲವೇ ಮಕ್ಕಳು ಕಡಿಮೆಯಾದರೂ ಒಂದು ಡಿವಿಷನ್, ಅದರೊಂದಿಗೆ ಒಂದು ಹುದ್ದೆ ಹೋಗಬಹುದು; ಕನ್ನಡ ಮೇಷ್ಟ್ರುಗಳು ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದ ಕಥೆಗಳ ಹಿಂದೆ ಈ ಲೆಕ್ಕವಿದೆ. ಅವರನ್ನು ಹುಡುಕಿ ಬರೆಸಿಕೊಳ್ಳಿರಿ.

ದಾಖಲೆಗಳ ಪೈಕಿ ಮೊದಲು ನೋಡಬೇಕಾದುದು ಅಡ್ಮಿಷನ್ ರಿಜಿಸ್ಟರು. ಒಂದೊಂದು ಸಾಲಿನಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ರಕ್ಷಕರ ಹೆಸರು, ಮೊದಲು ಓದಿದ ಶಾಲೆ ಇರುತ್ತವೆ. ಹತ್ತು ವರ್ಷಗಳ ಪುಟಗಳನ್ನು ಒಟ್ಟಿಗೆ ಓದಿದರೆ ಯಾವ ಹಳ್ಳಿಯ ಮಕ್ಕಳು ಎಂದಿನಿಂದ ಪಟ್ಟಣಕ್ಕೆ ಬರತೊಡಗಿದರು, ಹುಡುಗಿಯರ ಹೆಸರು ಯಾವಾಗ ಹೆಚ್ಚಿತು ಎಂಬುದು ಕಣ್ಣಿಗೆ ಕಾಣುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ: ಮನೆಯಲ್ಲಿ ತುಳು, ಕೊಂಕಣಿ, ಮರಾಟಿ, ಬ್ಯಾರಿ ಮಾತಾಡುವ ಮಕ್ಕಳೂ ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದವರು. ಆದ್ದರಿಂದ ಮನೆಮಾತನ್ನು ನೋಡಿ ಕನ್ನಡದ ಮಕ್ಕಳನ್ನು ಎಣಿಸಿದರೆ ಆ ಎಣಿಕೆ ತಪ್ಪುತ್ತದೆ.

ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ ಪಡೆದು, ರಿಜಿಸ್ಟರನ್ನು ಶಾಲೆಯಿಂದ ಹೊರಗೆ ಒಯ್ಯದೆ, ಪುಟಗಳ ಛಾಯಾಚಿತ್ರ ತೆಗೆದುಕೊಳ್ಳಿರಿ. ಹಳೆಯ ವಿದ್ಯಾರ್ಥಿಗಳ ಜಾತಿ, ಜನ್ಮದಿನಗಳಂಥ ವಿವರಗಳನ್ನು ಮುದ್ರಿಸಬೇಡಿರಿ. ಈ ಕೆಲಸ ಮಳೆಗಾಲಕ್ಕೆ ಮೊದಲೇ ಆಗಲಿ. ಹಳೆಯ ರಿಜಿಸ್ಟರಿನ ಹೊಲಿಗೆ ಬಿಟ್ಟಿದ್ದರೆ ಅಂಟುಪಟ್ಟಿ ಹಚ್ಚದೆ, ಹತ್ತಿಯ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಹಲಗೆಯಲ್ಲಿ ಇರಿಸಲು ಹೇಳಿರಿ.